ಪಾಲಿಹೌಸಿನ ಮೇಲೆ ರಾಜೇಸಾಬರ ಸುಣ್ಣ

ಗಾಳಿ ನೋಡಿಕೊಳ್ಳುವ ಕೆಲಸದಿಂದ ನಿವೃತ್ತಳಾಗಿ ಎರಡು ವರ್ಷವಾಯಿತು. ಪ್ಲಾಸ್ಟಿಕ್ ಹೊದಿಸಿದ ಪಾಲಿಹೌಸಿನಲ್ಲಿ ಹೂವಿಗೆ ನೀರು ಬಿಡುವವರು ಬೇರೆ, ಗೊಬ್ಬರ ಕಲಸುವವರು ಬೇರೆ, ಔಷಧ ಹೊಡೆಯುವವರು ಬೇರೆ. ಒಳಗಿನ ಶೆಕೆ, ತೇವ, ಬೆಳಕು, ಗಾಳಿಯ ಓಡಾಟ, ಇಷ್ಟು ನನ್ನ ಪಾಲಿಗೆ. ಮಗಳು ಏನು ಕೆಲಸ ಮಾಡುತ್ತಾಳೆ ಎಂದು ಬೇವೂರಿನಲ್ಲಿ ಯಾರಾದರೂ ಕೇಳಿದರೆ ನಮ್ಮಪ್ಪ, "ನಾ ಕುರಿ ಕಾದೆ, ಆಕಿ ಗಾಳಿ ಕಾಯ್ತಾಳ. ನನ್ನ ಕುರಿ ಕಣ್ಣಿಗರ ಕಾಣತಿದ್ವು" ಎನ್ನುತ್ತಿದ್ದ. ಆತ ತಮಾಷೆಗೆ ಹೇಳಿದ್ದು. ಆದರೆ ಈ ಕೆಲಸಕ್ಕೆ ಹೊಸದಾಗಿ ಬರುವ ಹುಡುಗ ಹುಡುಗಿಯರಿಗೆ ನಾನು ಹೇಳಬೇಕಾದದ್ದೂ ಅದೇ. ನೀವು ಕಾಯುವುದು ಕಣ್ಣಿಗೆ ಕಾಣುವುದಿಲ್ಲ. ತಪ್ಪಿ ಹೋದ ಮೇಲೆಯೇ ಗೊತ್ತಾಗುತ್ತದೆ.

ನಮ್ಮ ಮನೆತನದಲ್ಲಿ ಪದವಿಯವರೆಗೆ ಓದಿದವಳು ನಾನೇ ಮೊದಲು. ಇದನ್ನು ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ. ಧಾರವಾಡದಲ್ಲಿ ಕೃಷಿ ಬಿ.ಎಸ್ಸಿ. ಮುಗಿಸಿ ಪ್ರಮಾಣಪತ್ರ ತಂದ ದಿನ ಅಪ್ಪ ಅದನ್ನು ಮನೆದೇವರು ಬೀರಪ್ಪನ ಮುಂದಿಟ್ಟು ಭಂಡಾರ ಹಚ್ಚಿದ. ಆ ಅರಿಸಿನದ ಕಲೆ ಇವತ್ತಿಗೂ ನನ್ನ ಹೆಸರಿನ ಮೇಲೆಯೇ ಇದೆ. ಆಮೇಲೆ ಹುನಗುಂದದ ಸುತ್ತಮುತ್ತ ಹತ್ತಿಬೀಜದ ಹೊಲಗಳಲ್ಲಿ ಹತ್ತು ವರ್ಷ ತಾತ್ಕಾಲಿಕ ಕೆಲಸ ಮಾಡಿದೆ. ಬಿಸಿಲಲ್ಲಿ ನಿಂತು ನಿಂತು ನನ್ನ ಪದವಿ ನನಗೇ ಮರೆತು ಹೋಗುವಂತಾಗಿತ್ತು. ಅಷ್ಟರಲ್ಲಿ ಕೆರೂರಿನ ಹತ್ತಿರ ಜರ್ಬೆರಾ ಹೂವು ಬೆಳೆಯುವ ಪಾಲಿಹೌಸೊಂದರಲ್ಲಿ ಕಾಯಂ ಕೆಲಸ ಸಿಕ್ಕಿತು. ಮಾಲೀಕರು ಬಾಗಲಕೋಟೆಯಲ್ಲಿರುತ್ತಿದ್ದರು. ನಮಗೆ ಮೇಲಿನವರು ಎಂದರೆ ಮ್ಯಾನೇಜರ್ ಪಾಟೀಲ ಸರ್. ಸಕ್ಕರೆ ಕಾರ್ಖಾನೆಯಲ್ಲಿ ಕೆಲಸ ಮಾಡಿ ಬಂದವರು, ಕಡಿಮೆ ಮಾತಿನವರು, ಏನನ್ನೇ ಆಗಲಿ ಬರೆದಿಡಬೇಕು ಎನ್ನುವವರು.

ಜರ್ಬೆರಾ ಅಂದರೆ ಉದ್ದ ದಂಟಿನ ಮೇಲೆ ಅಂಗೈಯಗಲ ಅರಳುವ ಹೂವು. ಕತ್ತರಿ ಹಾಕಿ ಕತ್ತರಿಸುವುದಲ್ಲ, ಬುಡದಲ್ಲಿ ಹಿಡಿದು ಓರೆ ಮಾಡಿ ಕೀಳಬೇಕು. ಕೀಳುವ ಹೆಣ್ಣುಮಕ್ಕಳಿಗೆ ಮುಂದಾಳು ಕೆರೂರಿನ ಗಂಗವ್ವ. ನಾನು ಸೇರಿದ ಮೊದಲ ದಿನವೇ ಒಂದು ಹೂವನ್ನು ಮೂಗಿನ ಹತ್ತಿರ ಹಿಡಿದು, "ವಾಸನಿ ಇಲ್ಲ. ದೇವರಿಗೂ ಅಲ್ಲ, ತಲಿಗೂ ಅಲ್ಲ. ಯಾರಿಗ್ರೀ ಅಕ್ಕಾರ ಇದು?" ಎಂದು ಕೇಳಿದಳು. ಪಟ್ಟಣದಲ್ಲಿ ಮದುವೆಯ ವೇದಿಕೆಗೆ ಕಟ್ಟುತ್ತಾರೆ ಎಂದೆ. "ಹಂಗಾರ ಫೋಟೋಕ್ಕ ಅನ್ರಿ" ಎಂದು ಬುಟ್ಟಿ ಎತ್ತಿಕೊಂಡು ಹೋದಳು.

ನನ್ನ ಮೊದಲ ತಪ್ಪು ಮೊದಲ ವಾರವೇ ಆಯಿತು. ಉಷ್ಣಮಾಪಕವನ್ನು ಓದಲು ಅನುಕೂಲವಾಗಲೆಂದು ಬಾಗಿಲ ಹತ್ತಿರದ ಕಬ್ಬಿಣದ ಕಂಬಕ್ಕೆ, ನನ್ನ ಕಣ್ಣಿನ ಮಟ್ಟಕ್ಕೆ ಕಟ್ಟಿದೆ. ಅದು ತೋರಿಸುವ ಶೆಕೆ ನೋಡಿ ಹೆದರಿ ದಿನವಿಡೀ ಮಂಜಿನಂತೆ ನೀರು ಚಿಮ್ಮುವ ಫಾಗರ್ ಹಚ್ಚಿಸಿದೆ. ಎಲೆ ಒಣಗಲು ಪುರುಸೊತ್ತೇ ಸಿಗದೆ ಗಿಡದ ಸುಳಿ ಕೊಳೆಯತೊಡಗಿತು. ಪಾಟೀಲ ಸರ್ ಬಂದು ನೋಡಿದರು. ಉಷ್ಣಮಾಪಕವನ್ನು ಬಿಚ್ಚಿ ಗಿಡದ ಎತ್ತರಕ್ಕೆ ಇಳಿಬಿಟ್ಟು, ಬಿಸಿಲು ತಾಗದಂತೆ ಮೇಲೆ ತಮ್ಮ ಟೋಪಿ ಹಿಡಿದು ನಿಂತರು. ಪಾದರಸ ಸರಸರ ಇಳಿಯಿತು. "ನೀವು ಇಷ್ಟು ದಿನಾ ಕಂಬದ ಜ್ವರಾ ನೋಡೀರಿ, ಗಿಡದ್ದಲ್ಲ" ಎಂದರು. ಈಗ ಎಲ್ಲವನ್ನೂ ಯಂತ್ರವೇ ಅಳೆದು ಫೋನಿಗೆ ಕಳಿಸುತ್ತದೆ. ಪರದೆ ತಾನೇ ಏರುತ್ತದೆ, ಫ್ಯಾನು ತಾನೇ ತಿರುಗುತ್ತದೆ. ಒಳ್ಳೆಯದೇ. ಆದರೂ ಹೊಸ ಜಾಗಕ್ಕೆ ಹೋದಾಗ ಅಳೆಯುವ ಯಂತ್ರವನ್ನು ಯಾರು ಎಲ್ಲಿ ಕಟ್ಟಿದ್ದಾರೆ ಎಂದು ಒಮ್ಮೆ ಹೋಗಿ ನೋಡಿ. ನನ್ನಂಥವರು ಈಗಲೂ ಇರುತ್ತಾರೆ.

ಮಿಕ್ಕದ್ದನ್ನು ಗಿಡವೇ ಕಲಿಸಿತು. ಬೆಳಿಗ್ಗೆ ಪಕ್ಕದ ಪರದೆಯನ್ನು ಗಡಿಯಾರ ನೋಡಿ ಏರಿಸಬಾರದು, ಮೇಲಿನ ಪ್ಲಾಸ್ಟಿಕ್ಕಿನ ಒಳಮೈ ನೋಡಿ ಏರಿಸಬೇಕು. ಅಲ್ಲಿ ಹನಿ ಕಟ್ಟಿದ್ದರೆ ಆ ಹನಿ ಹೂವಿನ ಮೇಲೆ ಬೀಳುವ ಮೊದಲೇ ಗಾಳಿ ಬಿಡಬೇಕು. ಬಿದ್ದಲ್ಲಿ ಮೂರನೆಯ ದಿನಕ್ಕೆ ಬೂದುಬಣ್ಣದ ಬೂಷ್ಟು ಬರುತ್ತದೆ. ಬೇಸಿಗೆಯಲ್ಲಿ ಫಾಗರನ್ನು ಸ್ವಲ್ಪ ಸ್ವಲ್ಪ ಹೊತ್ತು ಹಚ್ಚಿ ನಿಲ್ಲಿಸಬೇಕು. ಸಂಜೆಗೆ ಎಲೆ ಒಣಗಿರಲೇಬೇಕು. ಇವೆಲ್ಲ ನೀವು ಒಂದು ವರ್ಷದಲ್ಲಿ ಕಲಿಯುತ್ತೀರಿ. ನಾನು ಬರೆಯಲು ಕೂತದ್ದು ಬೆಳಕಿನ ವಿಷಯ, ಮತ್ತು ಬೆಳಕಿನ ವಿಷಯದಲ್ಲಿ ನನ್ನಿಂದ ಒಬ್ಬ ಹಿರಿಯರಿಗೆ ಆದ ಅನ್ಯಾಯ.

ಬಾದಾಮಿ ಸೀಮೆಯ ಬೇಸಿಗೆಯಲ್ಲಿ ಪ್ಲಾಸ್ಟಿಕ್ಕಿನ ಕೆಳಗೆ ನಿಂತರೆ ನೆತ್ತಿಯ ಮೇಲೆ ಹಂಚು ಇಟ್ಟಂತೆ. ಒಳಗೆ ನೆರಳಿನ ಬಲೆ ಎಳೆದಿದ್ದೆವು. ಆದರೆ ಬಿಸಿಲು ಒಳಗೆ ಬಂದ ಮೇಲೆ ನೆರಳು ಮಾಡಿ ಏನು ಉಪಯೋಗ? ಮೊದಲ ಬೇಸಿಗೆಯಲ್ಲಿ ದಂಟು ಗೇಣುದ್ದಕ್ಕೇ ನಿಂತಿತು, ಹೂವಿನ ಅಂಚು ಸುಟ್ಟಿತು. ಹೊರಗಿನಿಂದಲೇ ಬಿಸಿಲು ತಡೆಯಬೇಕು, ಅದಕ್ಕೆ ಪ್ಲಾಸ್ಟಿಕ್ಕಿನ ಮೇಲೆ ಬಿಳಿ ಬಳಿಯಬೇಕು ಎಂದು ನನ್ನ ಪುಸ್ತಕದಲ್ಲಿತ್ತು. ಪುಸ್ತಕದಲ್ಲಿದ್ದ ಬಣ್ಣ ನಮ್ಮಲ್ಲಿ ಸಿಗುತ್ತಿರಲಿಲ್ಲ. ಕೂಲಿಯವರ ಕೈಯಲ್ಲೇ ಸಾದಾ ಸುಣ್ಣ ಬಳಿಸಿದೆವು. ಎಂಟೇ ದಿನದಲ್ಲಿ ಬೇಸಿಗೆಯ ಒಂದು ಅಡ್ಡಮಳೆ ಬಂತು. ಹತ್ತು ನಿಮಿಷ ಹೊಡೆದು ಸುಣ್ಣವನ್ನೆಲ್ಲ ತೊಳೆದುಕೊಂಡು ಹೋಯಿತು. ಮತ್ತೆ ಒಂದೂವರೆ ತಿಂಗಳು ಅದೇ ಬಿಸಿಲು.

ಎರಡನೆಯ ಬೇಸಿಗೆಗೆ ಹಾಗಾಗಬಾರದು ಎಂದು ನಾನೇ ಕೆರೂರಿಗೆ ಹೋಗಿ ರಾಜೇಸಾಬರನ್ನು ಕರೆತಂದೆ. ಅವರಿಗೆ ಆಗಲೇ ಅರವತ್ತು ದಾಟಿತ್ತು. ತೆಳ್ಳನೆಯ ಮೈ, ರೆಪ್ಪೆಯ ಕೂದಲಿನಲ್ಲೂ ಸುಣ್ಣದ ಚುಕ್ಕೆ. ಕೆರೂರಿನ ಹಳೆಯ ಮನೆಗಳು, ದರ್ಗಾದ ಗೋಡೆ, ಗುಡಿಯ ಪೌಳಿ, ಎಲ್ಲ ಅವರು ಬಳಿದದ್ದೇ. ಅವರ ಪದ್ಧತಿ ಊರಿಗೆಲ್ಲ ಗೊತ್ತಿತ್ತು. ಬಳಿದು ಒಣಗಿದ ಮೇಲೆ ಮನೆಯ ಯಜಮಾನನನ್ನು ಕರೆದು ಕರಿ ಕಂಬಳಿಯನ್ನು ಗೋಡೆಗೆ ಉಜ್ಜಿಸುತ್ತಿದ್ದರು. ಕಂಬಳಿಗೆ ಒಂದು ಚೂರು ಬಿಳಿ ಹತ್ತಿದರೂ ಮತ್ತೆ ಮೊದಲಿನಿಂದ ಬಳಿಯುವುದು. ಹತ್ತದಿದ್ದರೆ ಮಾತ್ರ ಆ ಮನೆಯಲ್ಲಿ ಕೂತು ಚಹಾ ಕುಡಿಯುವುದು. ಆದರೆ ಅಷ್ಟೊತ್ತಿಗೆ ಡಿಸ್ಟೆಂಪರ್ ಬಣ್ಣದ ಡಬ್ಬಿ ಬಂದಿತ್ತು. ಅವರನ್ನು ಕರೆಯುವ ಮನೆಗಳು ಕಡಿಮೆಯಾಗಿದ್ದವು. ಉಳಿದ ನಾಲ್ಕು ಮಂದಿ ಕರೆಯುತ್ತಿದ್ದದ್ದು ಒಂದೇ ಕಾರಣಕ್ಕೆ: ರಾಜೇಸಾಬರ ಸುಣ್ಣ ಹೋಗುವುದಿಲ್ಲ.

ಪಾಲಿಹೌಸಿನ ಸುತ್ತ ಒಂದು ಸುತ್ತು ಹಾಕಿ ಅವರು ಕೇಳಿದರು, "ಎಷ್ಟು ಗಟ್ಟಿ ಇರಬೇಕ್ರಿ ಬಾಯಾರ?"

"ನಿಮ್ಮ ಮನಿ ಗ್ವಾಡಿಗೆ ಬಳದಂಗ ಬಳೀರಿ ಕಾಕಾ."

"ಮಳಿ ಬಂದ್ರ?"

"ಮಳಿಗೂ ಹೋಗಬಾರದು."

ನನ್ನ ತಲೆಯಲ್ಲಿ ಇದ್ದದ್ದು ಹೋದ ವರ್ಷದ ಅಡ್ಡಮಳೆ. ಅದರ ಹಿಂದೆ ಮಳೆಗಾಲವೂ ಬರುತ್ತದೆ, ಆಗ ಈ ಬಿಳಿ ಹೋಗಲೇಬೇಕು ಎನ್ನುವುದನ್ನು ನಾನು ಹೇಳಲಿಲ್ಲ. ಪರೀಕ್ಷೆಯಲ್ಲಿ ಕೇಳಿದ್ದರೆ ಅರ್ಧ ಪುಟ ಬರೆಯುತ್ತಿದ್ದೆ. ಅಲ್ಲಿ ಹೊಳೆಯಲಿಲ್ಲ.

ರಾಜೇಸಾಬರ ಮುಖ ಅರಳಿತ್ತು. ಹಾಗೆ ಕೇಳುವವರು ಸಿಕ್ಕು ಎಷ್ಟು ಕಾಲವಾಗಿತ್ತೋ. ಗಡಿಗೆಗಳಲ್ಲಿ ಸುಣ್ಣ ಅರಳಿಸಿ ಎಂಟು ದಿನ ಹುದುಗಲು ಬಿಟ್ಟರು. ಬಟ್ಟೆಯಲ್ಲಿ ಸೋಸಿದರು. ಬೇಲಿಯ ಪಾಪಸಕಳ್ಳಿಯ ಎಲೆಗಳನ್ನು ಮುಳ್ಳು ಸವರಿ ಕೊಚ್ಚಿ ನೆನೆಹಾಕಿದರು. ಮರುದಿನ ಆ ಲೋಳೆಯನ್ನು ಅಂಟಿಗೆಂದು ಸುಣ್ಣಕ್ಕೆ ಸೇರಿಸಿದರು. ನಾನು ಪಕ್ಕದಲ್ಲೇ ನಿಂತು ನೋಡಿದೆ. ಎರಡು ಕಮಾನು ಕೂಡುವಲ್ಲಿ ಮಳೆನೀರು ಹರಿಯಲು ತಗಡಿನ ಕಾಲುವೆ ಇರುತ್ತದಲ್ಲ, ಅದರ ಮೇಲೆ ಬೆಳಗಿನ ತಂಪಿನಲ್ಲಿ ನಡೆದಾಡುತ್ತ ಉದ್ದ ಕೋಲಿಗೆ ಕಟ್ಟಿದ ಕುಂಚದಿಂದ ಬಳಿದರು. ಮುಗಿದ ಮೇಲೆ ಕಂಬಳಿ ಕೇಳಿದರು. ಅಪ್ಪ ನನಗೆ ಹೊದೆಯಲು ಕೊಟ್ಟಿದ್ದನ್ನು ತಂದೆ. ಪ್ಲಾಸ್ಟಿಕ್ಕಿನ ಮೇಲೆ ನಾನೇ ಒತ್ತಿ ಉಜ್ಜಿದೆ. ಒಂದು ಚೂರೂ ಹತ್ತಲಿಲ್ಲ. ರಾಜೇಸಾಬರು ಕೆಳಗಿಳಿದು ಗಂಗವ್ವನ ಹತ್ತಿರ ಚಹಾ ಕೇಳಿದರು.

ಆ ಬೇಸಿಗೆ ನಮ್ಮ ಹೂವು ನೋಡುವಂತಿತ್ತು. ಅಡ್ಡಮಳೆ ಎರಡು ಸಲ ಬಂತು, ಸುಣ್ಣ ಅಲುಗಲಿಲ್ಲ. ನಾನು ಎದೆಯುಬ್ಬಿಸಿ ಓಡಾಡಿದೆ.

ಆಮೇಲೆ ಮಳೆಗಾಲ ಸುರುವಾಗಿ ಮಿರಗದ ಮಳೆ ಬಂತು. ನಾನು ದಿನಾ ಮೇಲೆ ನೋಡುತ್ತಿದ್ದೆ. ಪ್ಲಾಸ್ಟಿಕ್ಕಿನ ಮೇಲಿನ ಧೂಳು ಹೋಗಿ ಸುಣ್ಣ ಇನ್ನಷ್ಟು ಬೆಳ್ಳಗಾಯಿತು, ಅಷ್ಟೇ. ಮೋಡ ಮುಚ್ಚಿ ಜಿಟಿಜಿಟಿ ಹಿಡಿದ ಮೇಲೆ ಒಳಗೆ ನಡುಮಧ್ಯಾಹ್ನವೇ ಮುಸ್ಸಂಜೆ. ದಂಟು ಸೊರಗಿ ಹೂವಿನ ಭಾರಕ್ಕೆ ಬಾಗಿತು. ಕೆಂಪು ಹೂವು ತೊಳೆದ ಬಟ್ಟೆಯಂತೆ ಬಣ್ಣ ಕಳೆದುಕೊಂಡಿತು. ಒದ್ದೆ ಗಾಳಿ ಅಲ್ಲೇ ಕೂತು ಬೂಷ್ಟು ಹತ್ತಿತು. ನಾನು ಗೊಬ್ಬರದವರನ್ನು ದೂರಿದೆ, ಔಷಧದವರನ್ನು ದೂರಿದೆ.

ಒಂದು ದಿನ ಗಂಗವ್ವ ನನ್ನ ಕೈ ಹಿಡಿದು ಮೂರನೆಯ ಸಾಲಿನ ನಡುವೆ ಕರೆದುಕೊಂಡು ಹೋದಳು. ಅಲ್ಲಿ ನಾಲ್ಕು ಗಿಡಗಳ ಹೂವುಗಳು ಮಾತ್ರ ನೆಟ್ಟಗೆ, ರಕ್ತಗೆಂಪಾಗಿ ನಿಂತಿದ್ದವು. ಅವಳು ಬೆರಳನ್ನು ಮೇಲಕ್ಕೆ ತೋರಿಸಿದಳು. ಗಾಳಿಗೆ ಹರಿದ ಪ್ಲಾಸ್ಟಿಕ್ಕಿಗೆ ಮಳೆಗಾಲ ಸುರುವಾದ ಮೇಲೆ ಹಾಕಿದ ತೇಪೆ. ಅದರ ಮೇಲೆ ಸುಣ್ಣ ಇರಲಿಲ್ಲ. ಇದು ಯಾರ ತಪ್ಪು ಎಂದು ನನಗೆ ಆ ಕ್ಷಣವೇ ಗೊತ್ತಾಯಿತು.

ಪಾಟೀಲ ಸರ್ ಕಾರಣ ಬರೆದು ಕೊಡಿ ಎಂದರು. ಹವಾಮಾನದ ದಿನಚರಿ ಪುಸ್ತಕದಲ್ಲಿ ನಾನು ಒಂದು ಸಾಲು ಬರೆದೆ: "ಸುಣ್ಣ ಬಳಿದವನು ಹೇಳದೆ ಅಂಟು ಬೆರೆಸಿದ್ದರಿಂದ ಬೆಳಕು ಕಡಿಮೆಯಾಗಿದೆ." ಬಳಿದವನು ಎಂದು ಬರೆದೆ. ಎದುರಿಗೆ ಕಾಕಾ ಎನ್ನುತ್ತಿದ್ದ ಬಾಯಿ, ಬರೆಯುವಾಗ ಏಕವಚನಕ್ಕೆ ಇಳಿಯಿತು.

ಹಾಗೆ ಏಕೆ ಬರೆದೆ ಎಂದರೆ ಹೆದರಿಕೆ. ಹತ್ತು ವರ್ಷ ಬಿಸಿಲಲ್ಲಿ ಕಾದು ಸಿಕ್ಕ ಕಾಯಂ ಕೆಲಸ. ಅಪ್ಪ ಬೇವೂರಿನ ಕಟ್ಟೆಯ ಮೇಲೆ ದಿನಾ ನನ್ನ ಸುದ್ದಿ ಹೇಳುತ್ತಿದ್ದ. ಓದಿದವಳಿಗೆ ಇಷ್ಟೂ ತಿಳಿಯಲಿಲ್ಲವೇ ಎಂದು ಯಾರಾದರೂ ಅಂದರೆ ಆತ ಎಲ್ಲಿ ಮುಖ ತೋರಿಸಬೇಕು? ರಾಜೇಸಾಬರಿಗೆ ಓದಲು ಬರುವುದಿಲ್ಲ, ಪುಸ್ತಕ ಕಪಾಟಿನಲ್ಲಿರುತ್ತದೆ, ಅವರಿಗೇನು ನಷ್ಟ ಎಂದು ನನಗೆ ನಾನೇ ಹೇಳಿಕೊಂಡೆ.

ಆದರೆ ಆ ಸಾಲು ಕಪಾಟಿನಲ್ಲಿ ಉಳಿಯಲಿಲ್ಲ. ಇನ್ನು ಆ ಮನುಷ್ಯನನ್ನು ಒಳಗೆ ಬಿಡಬೇಡಿ ಎಂದು ಪಾಟೀಲ ಸರ್ ಗೇಟಿನವನಿಗೆ ಹೇಳಿದರು. ಗೇಟಿನವನು ಕೆರೂರಿನಲ್ಲಿ ಹೇಳಿದ. ರಾಜೇಸಾಬನ ಸುಣ್ಣ ಬಡಿದು ಹೂವೆಲ್ಲ ಸತ್ತವಂತೆ ಎಂದು ಮಾತು ಬೆಳೆಯಿತು. ಮಗಳ ಮದುವೆಗೆ ಮನೆ ಬಳಿಯಲು ಅವರಿಗೆ ಹೇಳಿಟ್ಟಿದ್ದವರು ಡಿಸ್ಟೆಂಪರಿನವರನ್ನು ಕರೆದರು. ಗಂಗವ್ವ ಇದನ್ನೆಲ್ಲ ಒಂದೊಂದಾಗಿ ನನಗೆ ಹೇಳುತ್ತಿದ್ದಳು. ದಿನವಿಡೀ ಸುಣ್ಣದ ಅಂಗಡಿಯ ಕಟ್ಟೆಯ ಮೇಲೆ ಕೂತಿರುತ್ತಾರೆ, ಯಾರೂ ಕರೆಯುವುದಿಲ್ಲ ಎಂದಳು. ನಾನು ಪರದೆಯ ಹಗ್ಗ ಬಿಗಿಯುತ್ತ ಕೇಳಿಸಿಕೊಂಡೆ.

ಸುಣ್ಣ ತೆಗೆಯುವುದು ಹೇಗೆ ಎನ್ನುವುದೇ ಆಗ ದೊಡ್ಡ ಚಿಂತೆ. ಬಿರುಸು ಕುಂಚದಿಂದ ತಿಕ್ಕಿದರೆ ಪ್ಲಾಸ್ಟಿಕ್ಕಿಗೆ ಗೀರು ಬಿದ್ದು ಕಾಯಂ ಮಬ್ಬಾಗುತ್ತದೆ. ಒಂದು ಬೆಳಿಗ್ಗೆ ಗಂಗವ್ವ ಕೆರೂರಿನಿಂದ ಮಾತು ತಂದಳು. ಹುಣಸೆಹುಳಿಯ ನೀರು ಸಿಂಪಡಿಸಿ ಸ್ವಲ್ಪ ಹೊತ್ತು ಬಿಡಬೇಕಂತೆ. ಆಮೇಲೆ ಹಳೆಯ ಇಲಕಲ್ಲ ಸೀರೆಯ ತುಂಡಿನಿಂದ ಒರೆಸಬೇಕಂತೆ, ತಿಕ್ಕಬಾರದಂತೆ. ಯಾರು ಹೇಳಿದರು ಎಂದು ಕೇಳಿದೆ.

"ಯಾರ್ ಬಳದಾರ, ಅವರಽ ಹೇಳ್ಯಾರ್ರಿ" ಎಂದಳು ಗಂಗವ್ವ. "ಹೂವಿಂದೇನು ತಪ್ಪೈತಿ, ಪಾಪ, ಅಂದ್ರು."

ಗೇಟಿನಿಂದ ಹೊರಗೆ ಹಾಕಿಸಿಕೊಂಡ ಮನುಷ್ಯ, ತಮ್ಮ ಕೈಕೆಲಸವನ್ನು ಅಳಿಸುವುದು ಹೇಗೆ ಎಂದು ತಾವೇ ಹೇಳಿ ಕಳಿಸಿದ್ದರು. ಹೆಣ್ಣುಮಕ್ಕಳು ಮನೆಮನೆಯಿಂದ ಸವೆದು ಮೆತ್ತಗಾದ ಸೀರೆಗಳನ್ನು ತಂದರು. ಹದಿನಾಲ್ಕು ಮಂದಿ ಹನ್ನೊಂದು ದಿನ ಒರೆಸಿದೆವು. ಮೊದಲ ಕಮಾನು ತಿಳಿಯಾದ ದಿನ ಒಳಗೆ ಬಂದು ನೋಡಿದರೆ ಒಬ್ಬರ ಮುಖ ಇನ್ನೊಬ್ಬರಿಗೆ ಹೊಸದಾಗಿ ಕಂಡಿತು. ಗಿಡ ಚೇತರಿಸಿಕೊಳ್ಳಲು ಮತ್ತೆ ಒಂದು ತಿಂಗಳು ಹಿಡಿಯಿತು.

ಆಗ ಪಾಟೀಲ ಸರ್ ಎಲ್ಲರ ಎದುರಿಗೆ ನನ್ನನ್ನು ಹೊಗಳಿದರು. ಬೇರೆ ಯಾರಾಗಿದ್ದರೂ ಈ ಬೆಳೆ ಕಿತ್ತು ಹಾಕುತ್ತಿದ್ದರು, ಓದಿದವರಿದ್ದರೆ ಹೀಗೆ ಎಂದರು. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಆ ಹೊಗಳಿಕೆ ತಡೆದುಕೊಳ್ಳಲಾಗಲಿಲ್ಲ. ಹೆಣ್ಣುಮಕ್ಕಳು ಹೋದ ಮೇಲೆ ಪಾಟೀಲ ಸರ್ ಕೋಣೆಗೆ ಹೋಗಿ ನಿಂತೆ. ಮಳೆಗೂ ಹೋಗಬಾರದು ಎಂದು ಹೇಳಿದ್ದು ನಾನೇ, ರಾಜೇಸಾಬರು ಕೇಳಿಯೇ ಬಳಿದರು, ಹುಣಸೆಹುಳಿಯ ಉಪಾಯವೂ ಅವರದೇ ಎಂದು ಒಂದೇ ಉಸಿರಿಗೆ ಹೇಳಿದೆ. ಕೆಲಸ ಹೋಯಿತು ಎಂದೇ ತಿಳಿದಿದ್ದೆ.

ಪಾಟೀಲ ಸರ್ ದಿನಚರಿ ಪುಸ್ತಕ ತೆಗೆದು ನನ್ನ ಸಾಲು ಹುಡುಕಿ ಮುಂದಿಟ್ಟರು. ನಾನು ಅದರ ಮೇಲೆ ಗೀಟು ಎಳೆಯಲು ಪೆನ್ನು ತೆಗೆದೆ.

"ಹೊಡೀಬ್ಯಾಡ್ರಿ" ಎಂದರು. "ಅದು ಹಂಗಽ ಇರ್ಲಿ. ಕೆಳಗ ಖರೆ ಏನೈತಿ ಅದನ್ನ ಬರೀರಿ, ಸಹಿ ಮಾಡ್ರಿ."

ಬರೆದೆ. ಓದಿ ನೋಡಿ ಪುಸ್ತಕ ಮುಚ್ಚಿದರು. "ನನಗ ಹೇಳಿದ್ರಿ, ಆತು. ಕೆರೂರಿಗೆ ಯಾರು ಹೇಳ್ತಾರ?"

ಆ ವಾರದ ಸಂತೆಯ ದಿನ ಬಸ್ಸು ಹತ್ತಿದೆ. ದಾರಿಯುದ್ದಕ್ಕೂ ಹೇಗೆ ಹೇಳಬೇಕೆಂದು ಮನಸ್ಸಿನಲ್ಲೇ ಜೋಡಿಸಿಕೊಂಡೆ. ಸುಣ್ಣದ ಅಂಗಡಿಯ ಮುಂದೆ ಐದಾರು ಜನ ಇದ್ದರು. ರಾಜೇಸಾಬರು ಕಟ್ಟೆಯ ತುದಿಯಲ್ಲಿ ಮೊಣಕಾಲು ಅಪ್ಪಿಕೊಂಡು ಕೂತಿದ್ದರು. ಅಂಗಡಿಯ ಈರಣ್ಣ ನನ್ನನ್ನು ನೋಡಿದ.

"ಬರ್ರಿ ಅಕ್ಕಾರ. ಸುಣ್ಣಾ ಬೇಕೇನ್ರಿ, ಹುಣಸಿಹಣ್ಣು ಬೇಕ?"

ಎಲ್ಲರೂ ನಕ್ಕರು. ರಾಜೇಸಾಬರು ತಲೆ ಎತ್ತಲಿಲ್ಲ. ನಾನು ಜೋಡಿಸಿಕೊಂಡದ್ದೆಲ್ಲ ಮರೆತು ಹೋಯಿತು.

"ಕಾಕಾ, ತಪ್ಪು ನಂದು" ಎಂದೆ. "ಮಳಿ ಬಂದ್ರ ಅಂತ ನೀವು ಕೇಳಿದ್ರಿ. ಮಳಿಗೂ ಹೋಗಬಾರದು ಅಂತ ನಾನಽ ಅಂದೆ. ಆಮ್ಯಾಲ ಹೆದರಿ ನಿಮ್ಮ ಮ್ಯಾಲ ಬರದೆ."

ಈರಣ್ಣ ತಕ್ಕಡಿ ಕೆಳಗಿಟ್ಟು ಕೇಳಿದ.

"ಅಂದ್ರ, ಹೋಗಬಾರದು ಅಂದ್ರಿ. ಹೋಗಲಿಲ್ಲ."

"ಹೌದ್ರಿ."

"ಇಷ್ಟು ಮಳಿಗೂ?"

"ಹುಣಸಿಹುಳಿ ಹಾಕಿ ಹದಿನಾಲ್ಕು ಮಂದಿ ಹನ್ನೊಂದು ದಿನಾ ಒರಸೇವ್ರಿ. ಅಂಚಿನ್ಯಾಗ ಇನ್ನೂ ಐತಿ."

ಈರಣ್ಣ ಕಟ್ಟೆಯ ಮೇಲಿದ್ದವರ ಕಡೆ ತಿರುಗಿದ. "ಕೇಳಿದ್ರೇನ್ರಪಾ. ನುಣ್ಣನ ಪ್ಲಾಸ್ಟಿಕ್ ಮ್ಯಾಲ ಹಿಂಗಾದ್ರ, ಮಣ್ಣಿನ ಗ್ವಾಡಿ ಮ್ಯಾಲ ಮೊಮ್ಮಕ್ಕಳ ಮದಿವಿತನಾ ಇರತೈತಿ ಬಿಡ್ರಿ."

ಒಬ್ಬರು ಮುದುಕರು ಕೆಮ್ಮಿ, ದೀಪಾವಳಿಗೆ ತಮ್ಮ ಮನೆಯ ಪಡಸಾಲೆ ಬಳಿಯಲು ಆಗುತ್ತದೆಯೇ ಎಂದು ರಾಜೇಸಾಬರನ್ನು ಕೇಳಿದರು. ರಾಜೇಸಾಬರು ನನ್ನ ಕಡೆ ನೋಡಿದರು. ಸಿಟ್ಟು ಬಂದಿತ್ತು.

"ಹೋಗೂ ಸುಣ್ಣಾ ಬೇಕಾಗಿದ್ರ ನನ್ನ ಯಾಕ ಕರದ್ರಿ ಬಾಯಾರ? ಅದನ್ನ ಯಾರರ ಬಳೀತಾರ."

ಕೊನೆಗೂ ಅವರು ನನ್ನನ್ನು ಬೈದರಲ್ಲ ಎಂದು ಎದೆ ಹಗುರಾಯಿತು. ಈರಣ್ಣ ಚಹಾ ತರಿಸಿದ. ರಾಜೇಸಾಬರು ತಮ್ಮ ಕಪ್ಪನ್ನು ನನ್ನ ಕಡೆ ಸರಿಸಿ, ಇನ್ನೊಂದಕ್ಕೆ ಕಾದರು.

ಇಲ್ಲಿಗೆ ಮುಗಿಯಬಹುದಿತ್ತು. ಆದರೆ ಮತ್ತೆ ಬೇಸಿಗೆ ಬಂತು, ಮತ್ತೆ ನೆರಳು ಬೇಕಾಯಿತು. ಪಾಟೀಲ ಸರ್ ಯಾರಿಂದ ಬಳಿಸುತ್ತೀರಿ ಎಂದು ಕೇಳಿದಾಗ ನಾನು ರಾಜೇಸಾಬರ ಹೆಸರನ್ನೇ ಹೇಳಿದೆ. ಊರಿನಲ್ಲಿ ಅವರ ಹೆಸರು ತಿರುಗಿ ಬಂದಿತ್ತು ನಿಜ, ಆದರೆ ಅವರನ್ನು ಹೊರಗೆ ಹಾಕಿದ್ದು ನಮ್ಮ ಗೇಟು. ಆ ಗೇಟಿನೊಳಗೆ ಅವರು ಮತ್ತೆ ಬರುವವರೆಗೆ ನನ್ನ ತಪ್ಪು ಪೂರ್ತಿ ತೀರಿದಂತಲ್ಲ ಎನಿಸಿತು.

ಅವರ ಮನೆಗೆ ಹೋದೆ. ತಮ್ಮ ಕೈಯಿಂದ ಆಗುವುದಿಲ್ಲ ಎಂದರು. ಉಳಿಯುವ ಸುಣ್ಣ ಬಳಿದೇ ಮುದುಕನಾದೆ, ಈಗ ಹೋಗುವ ಸುಣ್ಣ ಬಳಿದು ಹೆಸರು ಕೆಡಿಸಿಕೊಳ್ಳಲೇ ಎಂದರು. ಅವರ ದೃಷ್ಟಿಯಲ್ಲಿ ಅದು ಕೆಟ್ಟ ಕೆಲಸ. ಬೇಕೆಂದೇ ಕೆಟ್ಟ ಕೆಲಸ ಮಾಡು ಎಂದು ನಾನು ಕೇಳುತ್ತಿದ್ದೆ.

ಎರಡನೆಯ ಸಲ ಹೋಗುವಾಗ ಚೌಕಟ್ಟಿಗೆ ಬಿಗಿದ ಪ್ಲಾಸ್ಟಿಕ್ ತುಂಡುಗಳನ್ನು ಹೊತ್ತುಕೊಂಡು ಹೋದೆ. ಅಂಗಳದಲ್ಲಿ ಇಟ್ಟು ಎಲ್ಲವನ್ನೂ ಹೇಳಿದೆ. ಹೂವಿಗೆ ಎರಡೂವರೆ ತಿಂಗಳು ನೆರಳು ಬೇಕು, ಆಮೇಲೆ ಇರುವಷ್ಟೂ ಬೆಳಕು ಬೇಕು. ಹೋದ ವರ್ಷವೇ ಹೇಳಬೇಕಾಗಿದ್ದ ಮಾತು. ಅವರು ಒಂದು ತುಂಡನ್ನು ಎತ್ತಿ ಬೆರಳಿನಿಂದ ತಟ್ಟಿ ನೋಡಿದರು.

"ಅಡ್ಡಮಳಿಗೆ ಬಿಡಬಾರದು" ಎಂದರು.

"ಬಿಡಬಾರದು."

"ಮಿರಗಕ್ಕ ಬಿಡಬೇಕು."

"ಬಿಡಬೇಕ್ರಿ."

"ಬಾ ಅಂದಾಗ ಬಂದು, ಹೋಗು ಅಂದಾಗ ಹೋಗೂ ಬೀಗರು ಎಲ್ಲಿ ಸಿಗ್ತಾರ್ರಿ ಬಾಯಾರ?" ಎಂದು ಮೊದಲ ಸಲ ನಕ್ಕರು. ಒಳಗಿನಿಂದ ಅವರ ಹೆಂಡತಿಯೂ ನಕ್ಕದ್ದು ಕೇಳಿಸಿತು.

ಎಂಟು ದಿನ ಬಿಟ್ಟು ಅವರಾಗಿಯೇ ಕರೆಕಳಿಸಿದರು. ಕಳ್ಳಿಯ ಲೋಳೆ ಬಿಟ್ಟಿದ್ದರು. ಒಂದು ತುಂಡಿಗೆ ಬರಿ ಸುಣ್ಣ, ಒಂದಕ್ಕೆ ಅಕ್ಕಿಯ ಗಂಜಿ, ಒಂದಕ್ಕೆ ಜೋಳದ ಹಿಟ್ಟಿನ ಗಂಜಿ, ಅದರಲ್ಲೇ ಒಂದು ಹಿಡಿ, ಎರಡು ಹಿಡಿ, ಮೂರು ಹಿಡಿ. ತಂಬಿಗೆಯಿಂದ ನೀರು ಸುರಿಯುವವರು ಅವರು, ಬರೆದುಕೊಳ್ಳುವವಳು ನಾನು. ಬರಿ ಸುಣ್ಣ ಕೂಡಲೇ ಹೋಯಿತು, ಅಕ್ಕಿ ಗಂಜಿಯದು ಅದರ ಹಿಂದೆಯೇ. ಮೂರು ಹಿಡಿ ಜೋಳದ ಗಂಜಿಯದು ಅರ್ಧ ದಿನ ನೆನೆದರೂ ಜಪ್ಪಯ್ಯ ಅನ್ನಲಿಲ್ಲ. ಎರಡು ಹಿಡಿಯದು ಸಣ್ಣ ಮಳೆಯಷ್ಟು ನೀರಿಗೆ ಹಿಡಿದುಕೊಂಡಿತು, ದೊಡ್ಡ ಮಳೆಯಷ್ಟು ನೆನೆದ ಮೇಲೆ ಬಿಟ್ಟುಕೊಟ್ಟಿತು. ಧಾರವಾಡದಲ್ಲಿ ನಾನು ಎಷ್ಟೋ ಪ್ರಯೋಗ ಮಾಡಿದ್ದೇನೆ. ಆ ಅಂಗಳದಲ್ಲಿ ಮಾಡಿದಷ್ಟು ಮನಸ್ಸಿಟ್ಟು ಯಾವುದನ್ನೂ ಮಾಡಿಲ್ಲ.

ಬಳಿಯಲು ಒಪ್ಪಿದರು. ಒಂದೇ ಕರಾರು. "ಇದನ್ನ ನಾ ಬಳದೇನಿ ಅಂತ ಕೆರೂರಾಗ ಹೇಳಬ್ಯಾಡ್ರಿ."

ಅವರು ಬಂದ ದಿನ ಗೇಟಿನವನು ಎದ್ದು ನಿಂತು ಬಾಗಿಲು ತೆರೆದ. ಪಾಟೀಲ ಸರ್ ಕೋಣೆಯಿಂದ ಹೊರಗೆ ಬಂದು, ಬರ್ರಿ ರಾಜೇಸಾಬರ ಎಂದರು. ಬಳಿದು ಮುಗಿದ ಮೇಲೆ ನಾನು ಕಂಬಳಿ ತಂದೆ. ಬೇಡ ಎಂದು ಕೈ ಮಾಡಿದರು. ನಾನು ಉಜ್ಜಿದೆ. ಕಂಬಳಿಗೆ ತೆಳ್ಳಗೆ ಬಿಳಿ ಹತ್ತಿತು. ಹತ್ತಬೇಕಾದಷ್ಟೇ ಹತ್ತಿತ್ತು. ಆದರೂ ಅವರು ಆ ಕಡೆ ತಿರುಗಿ ಕುಂಚ ತೊಳೆಯುತ್ತಿದ್ದರು. ಗಂಗವ್ವ ಚಹಾ ತಂದಾಗ ಸಾಕು ಎಂದು ಹೊರಟು ಹೋದರು.

ವೈಶಾಖದಲ್ಲಿ ಅಡ್ಡಮಳೆ ಬಂತು. ಅಂಚಿನಲ್ಲಿ ಮಾತ್ರ ಸ್ವಲ್ಪ ಹೋಗಿ ಉಳಿದದ್ದು ನಿಂತಿತು. ನಾನು ಗಂಗವ್ವನ ಕೈಯಲ್ಲಿ ಸುದ್ದಿ ಕಳಿಸಿದೆ. ಅವರು ಏನೂ ಹೇಳಿ ಕಳಿಸಲಿಲ್ಲ.

ಮಿರಗ ಹುಟ್ಟಿದ ಮೂರನೆಯ ದಿನ ಬೆಳಗಿನ ಬಸ್ಸಿಗೆ ರಾಜೇಸಾಬರು ತಾವೇ ಬಂದರು. ಏಕೆ ಬಂದಿರಿ ಎಂದು ಯಾರೂ ಕೇಳಲಿಲ್ಲ. ಬಾಗಲಕೋಟೆಯ ಕಡೆಯಿಂದ ಮೋಡ ಕಟ್ಟುತ್ತಿತ್ತು. ಮಧ್ಯಾಹ್ನಕ್ಕೆ ಸುರಿಯಿತು. ನಾವೆಲ್ಲ ಒಳಗೆ ನಿಂತೆವು. ಪ್ಲಾಸ್ಟಿಕ್ಕಿನ ಮೇಲೆ ಮಳೆಯ ಸದ್ದಿಗೆ ಮಾತು ಕೇಳುವಂತಿರಲಿಲ್ಲ. ಬಹಳ ಹೊತ್ತು ಏನೂ ಆಗಲಿಲ್ಲ. ರಾಜೇಸಾಬರು ತಲೆ ಎತ್ತಿಕೊಂಡೇ ನಿಂತಿದ್ದರು. ಹೋಗಲಿ ಎಂದು ಬೇಡುತ್ತಿದ್ದರೋ ಬೇಡ ಎಂದೋ, ಮುಖ ನೋಡಿ ಹೇಳಲಾಗುತ್ತಿರಲಿಲ್ಲ.

ಆಮೇಲೆ ಕಮಾನಿನ ನೆತ್ತಿಯಲ್ಲಿ ಒಂದು ಗೆರೆ ತಿಳಿಯಾಯಿತು. ಗೆರೆ ಅಗಲವಾಗಿ ಎರಡೂ ಕಡೆ ಇಳಿಯಿತು. ತಗಡಿನ ಕಾಲುವೆಯಲ್ಲಿ ಮಜ್ಜಿಗೆಯಂಥ ನೀರು ಹರಿಯತೊಡಗಿತು. ಮೊದಲ ಕಮಾನಿನ ಕೆಳಗೆ ಬೆಳಕು ಬಂತು, ಆಮೇಲೆ ಎರಡನೆಯದರ ಕೆಳಗೆ. ಮೋಡದ ಬೆಳಕೇ, ಆದರೂ ಎರಡೂವರೆ ತಿಂಗಳ ಮಬ್ಬಿನ ಮೇಲೆ ಅದೇ ಬಹಳವಾಗಿತ್ತು. ಕೆಂಪು ಸಾಲು ಕೆಂಪಾಯಿತು, ಹಳದಿ ಸಾಲು ಹಳದಿಯಾಯಿತು. ಹೆಣ್ಣುಮಕ್ಕಳು ಕೈ ನಿಲ್ಲಿಸಿ ನೋಡಿದರು. ರಾಜೇಸಾಬರು ಈ ಹೂವುಗಳನ್ನು ತಮ್ಮ ಸುಣ್ಣದ ನೆರಳಿನಲ್ಲಿ ಬಿಟ್ಟು ಬೇರೆ ಬೆಳಕಿನಲ್ಲಿ ನೋಡಿಯೇ ಇರಲಿಲ್ಲ. ಸಾಲಿನ ನಡುವೆ ನಿಧಾನ ನಡೆದು ಒಂದು ಹೂವಿನ ಕೆಳಗೆ ಬೆರಳು ಕೊಟ್ಟು ಎತ್ತಿ ನೋಡಿದರು.

ಮಳೆ ಸ್ವಲ್ಪ ತಗ್ಗಿದ ಮೇಲೆ ಗಂಗವ್ವ ಅವರನ್ನು ಕೆಣಕಿದಳು. "ಕಾಕಾ, ನಿಮ್ಮ ಸುಣ್ಣಾ ಹ್ವಾತ್ರಿ."

"ಹೋಗಿಲ್ಲವ್ವ" ಎಂದರು. "ನಾ ಕಳಿಸೇನಿ. ಚಾ ಕೊಡು."

ಚಹಾ ಕುಡಿಯುವಾಗ ನಾನು ಹತ್ತಿರ ಹೋಗಿ ಮೆಲ್ಲಗೆ, ಈಗಲಾದರೂ ಕೆರೂರಿನಲ್ಲಿ ಹೇಳಲೇ ಎಂದು ಕೇಳಿದೆ. ಕಪ್ಪು ಕೆಳಗಿಟ್ಟರು.

"ನೀವು ಬ್ಯಾಡ. ನೀವು ಹೇಳಿದ್ರ ಸಾಲಿ ಕಲತವ್ರ ಮಾತು ಅಂತಾರ. ನಾನಽ ಹೇಳ್ತೇನಿ."

ಗೊಬ್ಬರದ ಖಾಲಿ ಚೀಲವನ್ನು ಕೊಪ್ಪೆ ಮಾಡಿ ತಲೆಯ ಮೇಲೆ ಹಾಕಿಕೊಂಡರು. ಬಸ್ಸಿಗೆ ಇನ್ನೂ ಒಂದು ತಾಸು ಇತ್ತು. ಮಳೆ ನಿಲ್ಲಲಿ ಕೂತುಕೊಳ್ಳಿ ಎಂದೆವು. ಅವರು ಕೇಳಲಿಲ್ಲ. ಗೇಟು ದಾಟಿ ಕೆರೂರಿನ ರಸ್ತೆಗೆ ಬಿದ್ದು, ನಡೆದೇ ಹೊರಟರು.